ರಾಕೆಟ್ ಎಂಜಿನ್ನಿನ ಕರ್ತೃ ಯಾರು?

ಭಾರತದ ರಾಕೆಟ್ಟುಗಳ ದ್ರವ ಇಂಧನದ ಎಂಜಿನ್ನುಗಳನ್ನು ಇಸ್ರೋದ ದ್ರವ ನೋದನ ಕೇಂದ್ರ ರೂಪಿಸುತ್ತದೆ. ಅದರ ನೆಲೆಗಳು ಕೇರಳದ ವಲಿಯಮಲ ಮತ್ತು ಬೆಂಗಳೂರು. ವಿಕಾಸ್ ಎಂಜಿನ್ನಿನ ಭಾಗಗಳನ್ನು ಮುಂಬೈಯ ಗೋದ್ರೇಜ್, ಹೈದರಾಬಾದಿನ ಎಂಟಾರ್ ಕಂಪನಿಗಳು ತಯಾರಿಸುತ್ತ ಬಂದಿವೆ. ಪರೀಕ್ಷೆ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ. ಬೆಂಗಳೂರಿನ ಎಚ್ಎಎಲ್ 208 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಕ್ರಯೋಜೆನಿಕ್ (ಅತಿಶೀತಲ ಇಂಧನದ) ಎಂಜಿನ್ ತಯಾರಿಕಾ ಘಟಕವನ್ನು 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಇಷ್ಟು ಹೇಳಿದರೆ ಕಟ್ಟುವ ಸಂಸ್ಥೆಗಳ ಪಟ್ಟಿ ಸಿಗುತ್ತದೆ. ಕರ್ತೃ ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ನಮ್ಮ ದರ್ಶನಗಳು ಈ ಪ್ರಶ್ನೆಗೆ ಸಾಮಾನ್ಯವಾಗಿ ಎತ್ತಿಕೊಳ್ಳುವುದು ಮಡಕೆಯ ಉದಾಹರಣೆ. ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ, ತಿಗರಿ ಸಹಕಾರಿ. ಮಡಕೆಗೆ ಇದು ಸಾಕು. ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಒಕ್ಕಲುತನದ ಊರುಗಳ ಕಮ್ಮಾರನಿಗೂ ಸಾಕು. ತಿದಿ, ಅಡಿಗಲ್ಲು, ಸುತ್ತಿಗೆ ಅವನವೇ. ಬಿತ್ತಿಗೆಗೆ ಮುಂಚೆ ಕುಡ ಹಣಿಸಿಕೊಂಡು ಹೋದ ರೈತ ಯಾರೆಂದೂ ಅವನಿಗೆ ಗೊತ್ತು. ಕುಡ ಮಣಿದರೆ ರೈತ ಬಂದು ಕೇಳುವುದು ಅವನನ್ನೇ.

ಕ್ರಯೋಜೆನಿಕ್ ಎಂಜಿನ್ನಿಗೆ ಅಂಥ ಒಬ್ಬ ಕುಂಬಾರನಿಲ್ಲ. ಅದರ ದಹನ ಕೋಣೆಯನ್ನೇ ನೋಡಬಹುದು. ಒಳಗಿನ ಜ್ವಾಲೆ ಸುಮಾರು 3,000 ಡಿಗ್ರಿ ಸೆಲ್ಸಿಯಸ್. ಒಳಗೋಡೆಯ ತಾಮ್ರ ಕರಗುವುದು 1,085 ಡಿಗ್ರಿಗೆ. ಆದರೂ ಗೋಡೆ ಕರಗುವುದಿಲ್ಲ, ಏಕೆಂದರೆ ಅದರ ಬೆನ್ನಿಗೆ ಕೊರೆದ ಸಣ್ಣ ಕಾಲುವೆಗಳಲ್ಲಿ ಅತಿಶೀತಲ ಜಲಜನಕ ಹರಿಯುತ್ತಿರುತ್ತದೆ. ಲೆಕ್ಕ ಹಾಕಿದವರೊಬ್ಬರು, ಕಾಲುವೆ ಕೊರೆದವರು ಮತ್ತೊಬ್ಬರು, ಬೆಸೆದವರು ಇನ್ನೊಬ್ಬರು.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಇಂಥ ಕೆಲಸಕ್ಕೆ ಹೆಚ್ಚು ಹೊಂದುತ್ತದೆ. ಯಾವುದೇ ಕರ್ಮಕ್ಕೆ ಅದು ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ (ನೆಲೆ), ಕರ್ತೃ, ಕರಣ (ಸಾಧನ), ಚೇಷ್ಟೆ (ಕ್ರಿಯೆ), ದೈವ. ತಾನೊಬ್ಬನೇ ಮಾಡಿದೆ ಎನ್ನುವವನಿಗೆ ದೃಷ್ಟಿಯೇ ಸರಿಯಿಲ್ಲ ಎಂದು ಕಟುವಾಗಿಯೇ ಹೇಳುತ್ತದೆ. ಗೆದ್ದ ದಿನ ಈ ಮಾತು ಅಹಂಕಾರಕ್ಕೆ ಒಳ್ಳೆಯ ಮದ್ದು. ಸೋತ ದಿನ ಅದನ್ನು ಎಚ್ಚರದಿಂದ ಬಳಸಬೇಕು.

2010ರ ಏಪ್ರಿಲ್ 15ರಂದು ದೇಶದ ಮೊದಲ ಸ್ವಂತ ಕ್ರಯೋಜೆನಿಕ್ ಎಂಜಿನ್ ಹೊತ್ತು ಜಿಎಸ್ಎಲ್‌ವಿ ರಾಕೆಟ್ ಹಾರಿತು. ಎಂಜಿನ್ ಹೊತ್ತಿಕೊಂಡಿತು, ಆದರೆ ಜಲಜನಕವನ್ನು ತಳ್ಳುವ ಬೂಸ್ಟರ್ ಟರ್ಬೊಪಂಪು ತಿರುಗತೊಡಗಿ ಕೆಲವೇ ಸೆಕೆಂಡುಗಳಲ್ಲಿ ನಿಂತಿತು. ಉಪಗ್ರಹ ಕಡಲಿಗೆ ಬಿತ್ತು. ಐದನೆಯ ಕಾರಣ ದೈವವೆಂದು ಅಲ್ಲಿಗೇ ಕೈಬಿಟ್ಟಿದ್ದರೆ ತಪ್ಪು ಪಂಪಿನೊಳಗೇ ಉಳಿಯುತ್ತಿತ್ತು.

ಶರಣರ ಕಾಯಕ ತತ್ತ್ವ ಇಲ್ಲಿ ಗೀತೆಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನುಲಿಯ ಚಂದಯ್ಯ ಹಗ್ಗ ಹೊಸೆಯುವ ಶರಣ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಅವನು ಕಾಯಕ ನಿಲ್ಲಿಸಲಿಲ್ಲ, ಬೆನ್ನು ಹತ್ತಿದ ಲಿಂಗಕ್ಕೂ ಕಾಯಕ ಹಚ್ಚಿದ ಎಂಬ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕಾಯಕದಲ್ಲಿ ದೇವರಿಗೇ ವಿನಾಯಿತಿಯಿಲ್ಲವೆಂದ ಮೇಲೆ ಮನುಷ್ಯ ದೇವರ ಮರೆಯಲ್ಲಿ ನಿಲ್ಲುವಂತಿಲ್ಲ. ಕೀರ್ತಿಯನ್ನು ಸಾವಿರ ಜನ ಹಂಚಿಕೊಳ್ಳಬಹುದು; ತನ್ನ ಕೈಯ ಬೆಸುಗೆಯ ಹೊಣೆ ಬೆಸೆದವನದೇ. ಸಾವಿರ ಕೈಗಳ ಎಂಜಿನ್ನಿಗೆ ಈ ಅರ್ಥದಲ್ಲಿ ಸಾವಿರ ಕರ್ತೃಗಳಿದ್ದಾರೆ, ಪ್ರತಿಯೊಬ್ಬರೂ ಪೂರ್ಣ ಕರ್ತೃಗಳೇ.

ಮಹಾನವಮಿಯ ಖಂಡೆ ಪೂಜೆಗೆ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಕುಡಗೋಲು, ಕುಂಟೆ, ಟ್ರ್ಯಾಕ್ಟರ್ ತೊಳೆದು ವಿಭೂತಿ, ಕುಂಕುಮ ಹಚ್ಚುತ್ತಾರೆ. ಬೆಂಗಳೂರಿನ ಕಾರ್ಖಾನೆಗಳ ಯಂತ್ರಗಳಿಗೂ ಅಂದು ಹೂವು. ಪೂಜೆ ನಡೆಯುವುದು ಕರಣಕ್ಕೆ; ಕೆಲಸದ ಹೊಣೆ ಮಾತ್ರ ಕೈಯಲ್ಲೇ ಉಳಿಯುತ್ತದೆ. 2010ರಲ್ಲಿ ಕೈಕೊಟ್ಟ ಪಂಪನ್ನು ತಿದ್ದಿ, ಮತ್ತೆ ಮತ್ತೆ ಪರೀಕ್ಷಿಸಿದ ಮೇಲೆ 2014ರ ಜನವರಿ 5ರಂದು ಅದೇ ಬಗೆಯ ಎಂಜಿನ್ ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿತು.