ಪ್ರಯೋಗಾಲಯದಿಂದ ಮಾರುಕಟ್ಟೆಗೆ: ಜ್ಞಾನದ ಒಡೆಯ ಯಾರು?

ನಮ್ಮ ಜೇಬಿನಲ್ಲಿರುವ ಮೊಬೈಲನ್ನು ದಿನಕ್ಕೊಮ್ಮೆಯಾದರೂ ಚಾರ್ಜಿಗೆ ಹಾಕುತ್ತೇವೆ. ಅದರೊಳಗಿನ ಬ್ಯಾಟರಿ ಯಾರ ಬುದ್ಧಿಯ ಫಲ, ಅದರ ಲಾಭ ಯಾರ ಪಾಲಾಯಿತು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ನಮ್ಮ ಕಾಲದ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆಯನ್ನು ಖಾಸಗಿ ಕಂಪೆನಿಯಾಗಿ ಮಾಡಿಕೊಳ್ಳುವುದು ಸರಿಯೇ?

1980ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಎಂಬ ವಸ್ತು ಬ್ಯಾಟರಿಗೆ ಒದಗುತ್ತದೆಂದು ತೋರಿಸಿದರು. ಅದಕ್ಕೆ ಪೇಟೆಂಟ್ ಪಡೆಯಲು ವಿಶ್ವವಿದ್ಯಾಲಯ ಒಪ್ಪಲಿಲ್ಲ. ಹಾರ್‌ವೆಲ್‌ನ ಪರಮಾಣು ಸಂಶೋಧನಾ ಸಂಸ್ಥೆ ಖರ್ಚು ವಹಿಸಿತು. ಗುಡ್‌ಇನಫ್ ತಮ್ಮ ಹಕ್ಕು ಬಿಟ್ಟುಕೊಟ್ಟರು. ಜಪಾನಿನ ಅಕಿರಾ ಯೊಶಿನೊ ಅದೇ ವಸ್ತುವಿನಿಂದ ಸುರಕ್ಷಿತ ಬ್ಯಾಟರಿ ರೂಪಿಸಿದರು. 1991ರಲ್ಲಿ ಸೋನಿ ಕಂಪೆನಿ ಅದನ್ನು ಮಾರುಕಟ್ಟೆಗೆ ತಂದಿತು. ಈ ಭಾರೀ ವ್ಯಾಪಾರದಿಂದ ಗುಡ್‌ಇನಫ್ ಅವರಿಗೆ ರಾಯಧನ ಬರಲಿಲ್ಲ. ಅವರಿಗೆ ನೊಬೆಲ್ ಬಂದದ್ದು 2019ರಲ್ಲಿ, 97ನೆಯ ವಯಸ್ಸಿನಲ್ಲಿ. 2023ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು.

ಇದನ್ನು ಕೇಳಿದ ಕೂಡಲೇ ಕೆಲವರು ನಿಸ್ವಾರ್ಥ ಜ್ಞಾನಿಯೆಂದು ಕೈಮುಗಿಯುತ್ತಾರೆ, ಕೆಲವರು ವ್ಯವಹಾರ ತಿಳಿಯದೆ ಮೋಸಹೋದರೆಂದು ಮರುಗುತ್ತಾರೆ. ಆದರೆ ಎರಡೂ ಮಾತುಗಳು ವಿಜ್ಞಾನಿಯೊಬ್ಬನ ಲಾಭನಷ್ಟದಲ್ಲೇ ನಿಂತುಬಿಡುತ್ತವೆ. ಆ ಪ್ರಯೋಗಾಲಯವನ್ನು ನಡೆಸಿದ ತೆರಿಗೆದಾರನ ಪಾಲೇನು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಅದೇ 1980ರಲ್ಲಿ ಅಮೆರಿಕ ಬೇ-ಡೋಲ್ ಕಾಯ್ದೆಯನ್ನು ತಂದಿತು. ಸರ್ಕಾರದ ಹಣದಿಂದಾದ ಆವಿಷ್ಕಾರದ ಒಡೆತನವನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಂಡು ಕಂಪೆನಿಗಳಿಗೆ ಕೊಡಲು ಅದು ಅವಕಾಶ ಮಾಡಿತು. ಜನಹಿತ ಕೆಟ್ಟರೆ ಸರ್ಕಾರ ನಡುವೆ ಬರಬಹುದೆಂಬ ನಿಯಮವೂ ಅದರಲ್ಲಿದೆ. ಮೊದಲ ನಾಲ್ಕು ದಶಕಗಳಲ್ಲಿ ಆ ಅಧಿಕಾರವನ್ನು ಒಮ್ಮೆಯೂ ಚಲಾಯಿಸಲಿಲ್ಲ.

ಈ ಹಾದಿಯ ಫಲವನ್ನು ಇನ್ನೊಂದು ಬ್ಯಾಟರಿಯಲ್ಲೇ ನೋಡಬಹುದು. 1997ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಲಿಥಿಯಂ ಐರನ್ ಫಾಸ್ಫೇಟ್ ಕುರಿತ ಪ್ರಬಂಧ ಹೊರಬಂತು. ಬರೆದವರು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಮೊದಲೆರಡು ಹೆಸರುಗಳು ನಮ್ಮ ಕಿವಿಗೆ ಪರಕೀಯವಲ್ಲ. ಈ ವಸ್ತು ಅಗ್ಗ, ಬೇಗ ಹೊತ್ತಿಕೊಳ್ಳದು. ಆದರೆ ವಿದ್ಯುತ್ತು ಅದರಲ್ಲಿ ಸುಲಭವಾಗಿ ಹರಿಯದು. ಈ ತೊಡಕನ್ನು ಬಗೆಹರಿಸಲು ಹೊರಟವರಲ್ಲಿ ಎಂಐಟಿಯ ಯೆಟ್-ಮಿಂಗ್ ಚಿಯಾಂಗ್ ಒಬ್ಬರು. ಅವರು ಮತ್ತು ಜೊತೆಗಾರರು 2001ರಲ್ಲಿ ಎ123 ಸಿಸ್ಟಮ್ಸ್ ಕಂಪೆನಿ ಕಟ್ಟಿದರು. ಟೆಕ್ಸಾಸ್ ವಿಶ್ವವಿದ್ಯಾಲಯದೊಂದಿಗೆ ಪೇಟೆಂಟ್ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 2009ರಲ್ಲಿ ಅಮೆರಿಕ ಸರ್ಕಾರ ಕಂಪೆನಿಗೆ ಸುಮಾರು 25 ಕೋಟಿ ಡಾಲರ್ ನೆರವು ಘೋಷಿಸಿತು. 2012ರಲ್ಲಿ ಕಂಪೆನಿ ದಿವಾಳಿಯಾಯಿತು. ಚೀನಾದ ವಾನ್‌ಶಿಯಾಂಗ್ ಅದನ್ನು ಕೊಂಡಿತು. ಇಂದು ಈ ಬಗೆಯ ಬ್ಯಾಟರಿ ತಯಾರಿಕೆಯಲ್ಲಿ ಚೀನಾವೇ ಮುಂದಿದೆ.

ಹಾಗಾದರೆ ಕಂಪೆನಿ ಕಟ್ಟಿದ್ದೇ ತಪ್ಪೇ? ನಾವು ಹಾಗೆನ್ನಲಾರೆವು. ಪ್ರಬಂಧವಾಗಿ ಕಪಾಟಿನಲ್ಲಿ ಉಳಿದ ಜ್ಞಾನದಿಂದ ಯಾರ ಮನೆಯ ದೀಪವೂ ಉರಿಯದು. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಬಾಲ್ಟ್ ಕಾಂಗೋದಿಂದ ಬರುತ್ತದೆ. ಅಲ್ಲಿನ ಕೈಗೆಲಸದ ಗಣಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಐರನ್ ಫಾಸ್ಫೇಟಿಗೆ ಕೋಬಾಲ್ಟ್ ಬೇಡ. ಅಂಥ ವಸ್ತುವನ್ನು ಕಾರ್ಖಾನೆಗೆ ಮುಟ್ಟಿಸುವುದೂ ಒಂದು ನೈತಿಕ ಕೆಲಸವೇ. ಆ ಕೆಲಸಕ್ಕೆ ಬಂಡವಾಳ ಬೇಕು, ಸೋಲಲು ಸಿದ್ಧರಾದವರು ಬೇಕು.

ತೊಡಕು ಇರುವುದು ಬೇರೆ ಕಡೆ. ಹೊಸ ವಸ್ತುವೊಂದು ಬೀಕರಿನಿಂದ ಟನ್ನುಗಟ್ಟಲೆ ಉತ್ಪಾದನೆಗೆ ಬರಲು ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ. ಹೂಡಿಕೆದಾರನಿಗೆ ಅಷ್ಟು ತಾಳ್ಮೆಯಿಲ್ಲ. ಆತುರ ಹೆಚ್ಚಾದಂತೆ ಅರೆಬೆಂದ ಫಲಿತಾಂಶ ಕ್ರಾಂತಿಯೆನಿಸಿಕೊಳ್ಳುತ್ತದೆ. ಸೋತ ಪ್ರಯೋಗ ಗುಟ್ಟಾಗುತ್ತದೆ. ಗುರುವೇ ಕಂಪೆನಿಯ ಪಾಲುದಾರನಾದಾಗ ಶಿಷ್ಯನ ಪ್ರಬಂಧದ ವಿಷಯವನ್ನು ಯಾರು ನಿರ್ಧರಿಸಬೇಕು? ಕುತೂಹಲವೋ, ಷೇರು ಬೆಲೆಯೋ? ತನ್ನ ಫಲಿತಾಂಶವನ್ನು ಪ್ರಕಟಿಸಬೇಡವೆಂದರೆ ಆ ಹುಡುಗ, ಆ ಹುಡುಗಿ ಯಾರಲ್ಲಿ ದೂರಬೇಕು?

ನಮ್ಮ ದೇಶದಲ್ಲೂ 2008ರಲ್ಲಿ ಅಮೆರಿಕದ ಮಾದರಿಯ ಮಸೂದೆಯೊಂದು ರಾಜ್ಯಸಭೆಗೆ ಬಂದಿತ್ತು. ಟೀಕೆಗಳ ನಡುವೆ ಅದು ಕಾಯ್ದೆಯಾಗಲಿಲ್ಲ. ಆದರೆ ಕಂಪೆನಿಗಳು ನಮ್ಮ ವಿದ್ಯಾಸಂಸ್ಥೆಗಳ ಆವರಣದೊಳಗೇ ಹುಟ್ಟುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಿಂತಿರುವುದು ಮೈಸೂರು ಸಂಸ್ಥಾನ ಕೊಟ್ಟ ನೆಲದ ಮೇಲೆ, ಜೆಮ್‌ಶೆಟ್‌ಜಿ ಟಾಟಾ ಅವರ ದಾನದಿಂದ. ಕೊಟ್ಟವರು ಪಾಲು ಕೇಳಲಿಲ್ಲ. ಹಾಗೆಂದು ಪಡೆದವರ ಹೊಣೆ ಇಲ್ಲವಾಗುವುದಿಲ್ಲ.

ಆ ಹೊಣೆಯನ್ನು ಕೆಲವು ಷರತ್ತುಗಳಾಗಿ ಹೇಳಬಹುದು. ಮೂಲ ಜ್ಞಾನ ಪ್ರಕಟವಾಗಲೇಬೇಕು. ಪರವಾನಗಿ ಒಬ್ಬನಿಗೇ ಹೋದರೆ ಅವಧಿಯೊಳಗೆ ಬಳಸಬೇಕು, ಇಲ್ಲವೇ ಹಿಂದಿರುಗಿಸಬೇಕು. ಗೆದ್ದ ಕಂಪೆನಿಯ ಲಾಭದಲ್ಲಿ ಒಂದು ಪಾಲು ಮುಂದಿನ ಸಂಶೋಧನೆಗೆ ಮರಳಬೇಕು. ಶಿಷ್ಯನ ಪದವಿ ಗುರುವಿನ ವ್ಯಾಪಾರಕ್ಕೆ ಅಡವಾಗಬಾರದು. ಸೋಲಿನ ಹೊರೆಯನ್ನು ತೆರಿಗೆದಾರ ಹೊರುವುದಾದರೆ ಗೆಲುವಿನಲ್ಲೂ ಅವನ ಹೆಸರಿರಬೇಕು.

ವಿಜ್ಞಾನಿ ಬಡವನಾಗಿಯೇ ಇರಲಿ ಎಂದು ಬಯಸುವುದು ನ್ಯಾಯವಲ್ಲ. ಸಮಾಜ ಬಿತ್ತಿದ ಹೊಲದ ಫಸಲನ್ನು ಕೊಯ್ದವನು ಕೂಲಿ ಪಡೆಯಲಿ, ಜಾಣ್ಮೆಗೆ ಹೆಚ್ಚಿನ ಪಾಲನ್ನೂ ಪಡೆಯಲಿ. ಹೊಲವೇ ತನ್ನದೆಂದು ಬೇಲಿ ಹಾಕಲು ಹೊರಟಾಗ ತಡೆಯುವ ಹಕ್ಕು ಮಾತ್ರ ನಮ್ಮೆಲ್ಲರದು.