ನಮ್ಮ ಪರವಾಗಿ ಕೊಟ್ಟ ಮಾತು

ಪರದೇಶದ ಸಭಾಂಗಣವೊಂದರಲ್ಲಿ ನಮ್ಮ ನಾಡಿನ ಪ್ರತಿನಿಧಿಯೊಬ್ಬರು ಎದ್ದು ನಿಂತು ಮಾತು ಕೊಡುತ್ತಾರೆ. ಹಾಗೆ ಹೇಳಿರೆಂದು ನಾವು ಅವರನ್ನು ಕೇಳಿಕೊಂಡಿರುವುದಿಲ್ಲ. ಅನೇಕ ವೇಳೆ ಅವರ ಹೆಸರೂ ನಮಗೆ ತಿಳಿದಿರುವುದಿಲ್ಲ. ಹೀಗಿರುವಾಗ ಆ ಮಾತು ನಮ್ಮನ್ನು ಬಂಧಿಸುತ್ತದೆಯೇ?

ಉಪೇಂದ್ರ ತ್ರಿಪಾಠಿಯವರ ವೃತ್ತಿಜೀವನವನ್ನು ಗಮನಿಸಿರಿ. ಕರ್ನಾಟಕಕ್ಕೆ ನಿಯುಕ್ತರಾದ ಐ.ಎ.ಎಸ್. ಅಧಿಕಾರಿ ಇವರು. ಒಂದು ಕಾಲದಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕರಾಗಿದ್ದರು. ಬಸ್ಸು, ಟಿಕೆಟು, ಪಾಸುಗಳ ಲೋಕವದು. ಮುಂದೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಕಾರ್ಯದರ್ಶಿಯಾದರು. 2015ರ ನವೆಂಬರ್ 30ರಂದು ಭಾರತ ಮತ್ತು ಫ್ರಾನ್ಸ್ ಪ್ಯಾರಿಸ್ಸಿನಲ್ಲಿ ಘೋಷಿಸಿದ ಅಂತರರಾಷ್ಟ್ರೀಯ ಸೌರ ಒಕ್ಕೂಟಕ್ಕೆ ಮೊದಲ ಮಹಾನಿರ್ದೇಶಕರೂ ಆದರು. ಹದಿನೈದು ದೇಶಗಳು ಅನುಮೋದಿಸಿದ ಮೇಲೆ 2017ರ ಡಿಸೆಂಬರ್ 6ರಂದು ಅದರ ಒಪ್ಪಂದ ಜಾರಿಗೆ ಬಂತು. ಅವರು ವಿದೇಶಾಂಗ ಸೇವೆಯವರಲ್ಲ. ಆದರೂ ದೇಶದಿಂದ ದೇಶಕ್ಕೆ ಹೋಗಿ ಒಪ್ಪಿಸುವ ಆ ಕೆಲಸ ರಾಯಭಾರವಲ್ಲದೆ ಮತ್ತೇನು?

ಸಹಿ ಬಿದ್ದ ದಿನ ಯಾರ ಮನೆಯಲ್ಲೂ ದೀಪ ಹೊತ್ತಿಕೊಳ್ಳುವುದಿಲ್ಲ. ಸಹಿಯು ದೀಪವಾಗುವ ಬಗೆಯನ್ನು ನಮ್ಮ ಕರಾವಳಿಯ ಬ್ಯಾಂಕುಗಳು ಮೊದಲೇ ಕಂಡಿದ್ದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ದಕ್ಷಿಣ ಭಾರತದಲ್ಲಿ ಸೌರ ದೀಪಗಳಿಗೆ ಸಾಲ ಕೊಡಿಸುವ ಯೋಜನೆಯನ್ನು ಆರಂಭಿಸಿದಾಗ, ಅದಕ್ಕೆ ಕೈಜೋಡಿಸಿದವು 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು ಮಣಿಪಾಲದ ಸಿಂಡಿಕೇಟ್ ಬ್ಯಾಂಕ್. (ಎರಡನೆಯದು 2020ರಲ್ಲಿ ಮೊದಲನೆಯದರಲ್ಲಿ ವಿಲೀನವಾಯಿತು.) ಹೊರಗಿನಿಂದ ಬಂದ ಹಣವನ್ನು ದೀಪ ಹಂಚಲು ಬಳಸಲಿಲ್ಲ, ಬಡ್ಡಿಯನ್ನು ಶೇಕಡಾ 12ರ ಸುಮಾರಿನಿಂದ 5ಕ್ಕೆ ಇಳಿಸಲು ಬಳಸಿದರು. ಉಳಿದುದನ್ನು ಮನೆಯವರೇ ಕಂತಿನಲ್ಲಿ ಕಟ್ಟಿದರು. 2007ರ ಹೊತ್ತಿಗೆ ಸುಮಾರು 18,000 ಮನೆಗಳಲ್ಲಿ ಸೌರ ದೀಪ ಬೆಳಗಿತು. ದಾನ ಪಡೆದವರಾಗಿ ಅಲ್ಲ, ಸಾಲ ತೀರಿಸಿದವರಾಗಿ ಆ ಮನೆಗಳು ತಲೆಯೆತ್ತಿ ನಿಂತವು. ರಾಯಭಾರಿಯ ಮಾತನ್ನು ಉಳಿಸಿದವರು ಹಳ್ಳಿಯ ಶಾಖೆಯ ಗುಮಾಸ್ತರು, ಕಂತು ಕಟ್ಟಿದ ಗೃಹಿಣಿಯರು.

ಮಾತು ನಮಗೆ ಹಿತವಾಗಿದ್ದಾಗ ಇದೆಲ್ಲ ಸುಲಭ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದ ಕೊನೆಯ ಗಳಿಗೆಯಲ್ಲಿ ಭಾರತದ ಒತ್ತಾಯದಿಂದ ಒಂದು ಪದ ಬದಲಾಯಿತು: ಕಲ್ಲಿದ್ದಲಿನ ವಿದ್ಯುತ್ತನ್ನು ಹಂತಹಂತವಾಗಿ 'ನಿಲ್ಲಿಸುವ' ಬದಲು 'ಇಳಿಸುವ' ಎಂದಾಯಿತು. ಬಡವರ ಬೆಳವಣಿಗೆಗೆ ತಡೆಯಾಗಬಾರದೆಂಬ ವಾದ ಅದರ ಹಿಂದಿತ್ತು. ನ್ಯಾಯವಾದ ವಾದವೆಂದೇ ನನ್ನ ಅಭಿಪ್ರಾಯ. ಆದರೆ ನಮ್ಮ ಪಣಂಬೂರು ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವ್ಯಾಟ್ ಸ್ಥಾವರದಲ್ಲಿ ಉರಿಯುತ್ತದೆ. ಆ ಸ್ಥಾವರದಿಂದಾದ ಮಾಲಿನ್ಯದ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ. ಎಲ್ಲೂರಿನವರೂ ಆ ಪ್ರತಿನಿಧಿಯ ದೇಶಬಾಂಧವರೇ ಅಲ್ಲವೇ? ಬಡವರಿಗಾಗಿ ಗಳಿಸಿದ ಆ ಒಂದು ಪದದ ನೆರಳಿನಲ್ಲಿ, ಪ್ರಿಯ ವಾಚಕರೇ, ನಮ್ಮ ಮಲಗುವ ಕೋಣೆಗಳ ಏ.ಸಿ.ಗಳೂ ತಣ್ಣಗೆ ಕುಳಿತಿವೆ. ಬಡವರ ಹೆಸರಿನಲ್ಲಿ ಕೇಳಿ ಪಡೆದ ರಿಯಾಯಿತಿಯನ್ನು ಅನುಕೂಲಸ್ಥರು ಅನುಭವಿಸುವುದಕ್ಕೆ ಯಾವ ಒಪ್ಪಂದದಲ್ಲೂ ಅಡ್ಡಿಯಿಲ್ಲ, ಆತ್ಮಸಾಕ್ಷಿಯಲ್ಲಿ ಇರಬೇಕಾಗಿತ್ತು.

2024ರಿಂದ ಮನೆಯ ಮಾಡಿಗೆ ಸೌರ ಫಲಕ ಹಾಕಿಸುವವರಿಗೆ ಕೇಂದ್ರ ಸರಕಾರ 78,000 ರೂಪಾಯಿಗಳವರೆಗೆ ಸಹಾಯಧನ ಘೋಷಿಸಿದೆ. ಫ್ಲ್ಯಾಟುಗಳಲ್ಲಿ ತಾರಸಿ ಯಾರದೆಂಬ ಜಗಳ ಬೇರೆ ಇರುತ್ತದೆ, ನಿಜ. ಆದರೂ ಕದ್ರಿ, ಬಿಜೈಗಳ ಕಟ್ಟಡಗಳ ಮೇಲೆ ನೀರಿನ ಟಾಂಕಿಗಳ ನಡುವೆ ಇನ್ನೂ ಬೇಕಾದಷ್ಟು ಬಿಸಿಲು ಬೀಳುತ್ತಿದೆ.