ಬೆಳಿಗ್ಗೆ ಸ್ಟಾರ್ಟ್ ಆಗುವ ಕಾರು

ನಂಜನಗೂಡಿನ ನಮ್ಮ ಮನೆಯ ಮುಂದೆ ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ ನಿಂತಿರುತ್ತಿತ್ತು. ಇಟಲಿಯ ಫಿಯಟ್ 1100ರ ವಂಶದ್ದು, 1089 ಸಿ.ಸಿ. ಎಂಜಿನ್ನು. ಅದಕ್ಕೊಂದು ಚಾಳಿ ಇತ್ತು. ಹತ್ತು ಸಲ ಕೀಲಿ ತಿರುಗಿಸಿದರೆ ಒಂಬತ್ತು ಸಲ ತಕ್ಷಣ ಸ್ಟಾರ್ಟ್ ಆಗುತ್ತಿತ್ತು. ಹತ್ತನೆಯ ಸಲ ಸೆಲ್ಫ್ ತಿರುಗುತ್ತಿತ್ತು, ಎಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ತಳ್ಳಿಸಿಕೊಂಡು ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ತಾನಾಗಿಯೇ ಸರಿಹೋಗಿರುತ್ತಿತ್ತು. ಮೆಕ್ಯಾನಿಕ್ ಪಾಯಿಂಟ್ ಉಜ್ಜಿ, ಪ್ಲಗ್ ಒರೆಸಿ, "ಏನೂ ಇಲ್ವಲ್ಲ ಸಾರ್" ಅನ್ನುತ್ತಿದ್ದ. ಒಮ್ಮೆ ಬ್ಯಾಟರಿ ಬದಲಾಯಿಸಿದೆವು, ಇನ್ನೊಮ್ಮೆ ಕಂಡೆನ್ಸರ್. ಪ್ರತಿ ಸಲವೂ ಕಾರು ಸ್ಟಾರ್ಟ್ ಆಯಿತು. ಬದಲಾಯಿಸಿದ್ದರಿಂದ ಆಯಿತೋ, ಅಷ್ಟು ಹೊತ್ತು ಸುಮ್ಮನೆ ನಿಂತಿದ್ದರಿಂದ ಆಯಿತೋ, ನಾವು ಕೇಳಿಕೊಳ್ಳಲಿಲ್ಲ.

ಅಪ್ಪನ ಕಣ್ಣು ಮಂಜಾದ ಮೇಲೆ ಕಾರು ಮಾರುವುದೆಂದಾಯಿತು. ತಿ. ನರಸೀಪುರದಿಂದ ನಿವೃತ್ತ ಮೇಷ್ಟ್ರೊಬ್ಬರು ಬೆಳಿಗ್ಗೆ ಎಂಟಕ್ಕೇ ಬಂದರು. ಚೋಕ್ ಎಳೆದು ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಹಿಡಿಯಿತು. ದೇವಸ್ಥಾನದ ತನಕ ಒಂದು ಸುತ್ತು ಹೋಗಿ ಬಂದೆವು. ಮೇಷ್ಟ್ರು ಅಪ್ಪನ ಪಕ್ಕ ಕೂತು ಕಾಫಿ ಕುಡಿದರು, ಮುಂಗಡ ಕೊಟ್ಟರು, ಹೊರಟರು. ಅವರು ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ.

ನಾನು ಕಾನೂನು ಓದಿದವನು. 1872ರ ಭಾರತೀಯ ಕರಾರು ಕಾಯಿದೆಯ 17ನೇ ಕಲಮಿನಲ್ಲಿ ಒಂದು ಕುದುರೆ ಬರುತ್ತದೆ. ಊನವಿದೆ ಎಂದು ಗೊತ್ತಿದ್ದೂ ಒಬ್ಬ ಅದನ್ನು ಹರಾಜಿನಲ್ಲಿ ಮಾರುತ್ತಾನೆ, ಊನದ ಬಗ್ಗೆ ಏನೂ ಹೇಳುವುದಿಲ್ಲ. ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೇ ವಯಸ್ಕಳಾದ ಅವನ ಮಗಳೇ ಆಗಿದ್ದರೆ, ಹೇಳುವುದು ಅವನ ಕರ್ತವ್ಯ. ಆ ರಾತ್ರಿ ಈ ಕುದುರೆ ನನ್ನನ್ನು ಮಲಗಲು ಬಿಡಲಿಲ್ಲ. ಮೊದಲ ಸಾಲಿನ ಪ್ರಕಾರ ನಾನು ನಿರಪರಾಧಿ. ಆದರೆ ಮಗಳಿಗೆ ಹೇಳಲೇಬೇಕಾದದ್ದನ್ನು, ನಮ್ಮನೆಯ ಕಾಫಿ ಕುಡಿದು ನಂಬಿಕೆಯಿಂದ ಎದ್ದುಹೋದ ಮುದುಕರಿಗೆ ಹೇಳಬೇಕಿಲ್ಲ ಅನ್ನುವುದಕ್ಕೆ, ಅವರು ನನ್ನ ಮಗಳಲ್ಲ ಅನ್ನುವುದನ್ನು ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಇನ್ನೊಂದು ನೆಪ ಇತ್ತು: ದೋಷ ಇದೆ ಎಂದು ಹೇಳಲು ಆಧಾರವೇನು? ನೋಡಿದ ಮೆಕ್ಯಾನಿಕ್‌ಗಳೆಲ್ಲ ಇಲ್ಲವೆಂದೇ ಹೇಳಿದ್ದಾರಲ್ಲ. ಇಲ್ಲಿ ನಮ್ಮ ಹಳೆಯ ಮೀಮಾಂಸಕರು ಅಡ್ಡ ಬಂದರು. ಕುಮಾರಿಲ ಭಟ್ಟನ ಪರಂಪರೆಯವರು 'ಅನುಪಲಬ್ಧಿ'ಯನ್ನು, ಅಂದರೆ ಕಾಣದಿರುವುದನ್ನು, ಒಂದು ಪ್ರಮಾಣವೆಂದೇ ಒಪ್ಪುತ್ತಾರೆ. ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಆದರೆ ಒಂದು ಷರತ್ತು: ಮಡಕೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಅನ್ನುವಂಥ ಬೆಳಕು ಅಲ್ಲಿರಬೇಕು. ಕತ್ತಲ ಕೋಣೆಯಲ್ಲಿ ಕಾಣದ್ದು ಏನನ್ನೂ ಸಾಬೀತು ಮಾಡುವುದಿಲ್ಲ. ತಣ್ಣಗಿನ ಬೆಳಿಗ್ಗೆ ಎಂಟು ಗಂಟೆ ನನ್ನ ಕಾರಿನ ಕತ್ತಲ ಕೋಣೆ. ಅದು ನನಗೆ ಒಳಗೊಳಗೇ ಗೊತ್ತಿತ್ತು.

ಮರುದಿನ ಫೋನ್ ಮಾಡಿ ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೋಡಿ, ಎಲ್ಲೆಲ್ಲಿ, ಯಾವಾಗ್ಯಾವಾಗ ನಿಂತಿತ್ತು ಅಂತ ಬರೆದು ತನ್ನಿ. ಆಮೇಲೆ ಮಾತಾಡೋಣ" ಅಂದರು.

ಬರೆಯಲು ಕೂತೆ. ಮೈಸೂರಿನಿಂದ ಬಂದು ಹೋಟೆಲಿನಲ್ಲಿ ಕಾಫಿ ಕುಡಿದು ಎದ್ದಾಗ. ಚಾಮರಾಜನಗರದ ಮದುವೆಗೆ ಹೋಗುತ್ತಾ ದಾರಿಯಲ್ಲಿ ಹೂವು ಕೊಂಡಾಗ. ಹಾಗೇ ಇನ್ನೂ ಐದಾರು ಸಲ. ಬರೆದದ್ದನ್ನು ಓದಿದಾಗ, ಅಷ್ಟು ವರ್ಷ ಕಾಣದ್ದು ಕಂಡಿತು. ಒಂದು ಸಲವೂ ಬೆಳಿಗ್ಗೆ ನಿಂತಿರಲಿಲ್ಲ. ಪ್ರತಿ ಸಲವೂ ದೂರ ಓಡಿ, ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿ, ಮತ್ತೆ ಕೀಲಿ ತಿರುಗಿಸಿದಾಗಲೇ. ನಾವು ಅದೃಷ್ಟವನ್ನು ಬೈದುಕೊಂಡಿದ್ದೆವೇ ಹೊರತು ಅದಕ್ಕೊಂದು ಲೆಕ್ಕವಿದೆ ಎಂದು ನೋಡಿರಲಿಲ್ಲ.

ಭಾನುವಾರ ಸುತ್ತೂರಿನ ಮೇಲೆ ತಿ. ನರಸೀಪುರಕ್ಕೆ ಓಡಿಸಿಕೊಂಡು ಹೋದೆ. ಕಪಿಲೆ ಕಾವೇರಿಯನ್ನು ಸೇರುವ ಕಡೆ, ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಹತ್ತಿರ ನಿಲ್ಲಿಸಿ, ಮೇಷ್ಟ್ರ ಜೊತೆ ಇಪ್ಪತ್ತು ನಿಮಿಷ ಬೇಕೆಂದೇ ಕಾದೆ. ಕೀಲಿ ತಿರುಗಿಸಿದರೆ, ಹಿಡಿಯಲಿಲ್ಲ. ಕಾರು ಕೆಟ್ಟಿತೆಂದು ನನಗೆ ಸಮಾಧಾನವಾದದ್ದು ಅದೊಂದೇ ಸಲ.

ಅಲ್ಲಿಯ ಮೆಕ್ಯಾನಿಕ್ ನೋಡಿದ. ಪ್ಲಗ್ಗಿಗೆ ಸ್ಪಾರ್ಕ್ ಬರುತ್ತಿರಲಿಲ್ಲ, ಇಗ್ನಿಷನ್ ಕಾಯಿಲ್ ಮುಟ್ಟಲಾಗದಷ್ಟು ಬಿಸಿ. ಗಾಡಿ ನಿಂತ ಮೇಲೆ ಎಂಜಿನ್ನಿನ ಕಾವು ಬಾನೆಟ್ಟಿನೊಳಗೇ ಉಳಿಯುತ್ತದೆ. ಆ ಕಾವಿಗೆ ಕಾಯಿಲಿನೊಳಗಿನ ತಂತಿ ಎಲ್ಲೋ ಸಂಪರ್ಕ ಬಿಡುತ್ತಿತ್ತು, ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತಿತ್ತು. ಬೇರೆ ಕಾಯಿಲ್ ಹಾಕಿದ, ಸ್ಟಾರ್ಟ್ ಆಯಿತು. ಮೇಷ್ಟ್ರು ಬಿಡಲಿಲ್ಲ. "ಹಳೇದನ್ನೇ ಇನ್ನೊಂದ್ಸಲ ಹಾಕಿ ನೋಡಪ್ಪ" ಅಂದರು. ಹಾಕಿದ, ಹಿಡಿಯಲಿಲ್ಲ. ಆಗ ನಕ್ಕರು. "ಕಾಶಿಗಿಂತ ನಮ್ಮೂರು ಗುಲಗಂಜಿ ತೂಕ ಹೆಚ್ಚು ಅಂತಾರೆ. ನಿಮ್ಮ ಕಾರಿನ ದೋಷಾನೂ ಅಷ್ಟೇ ಇತ್ತು ನೋಡಿ." ಹೊಸ ಕಾಯಿಲಿನ ದುಡ್ಡು ಕಳೆದು ಉಳಿದದ್ದನ್ನು ಎಣಿಸಿಕೊಟ್ಟರು.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಪ್ರಾಮಾಣಿಕತೆಯ ಬಗ್ಗೆ ಹೆಮ್ಮೆ ಪಡಬೇಕೆನ್ನಿಸಿತು, ಆಗಲಿಲ್ಲ. ಮುಂಗಡ ಇಸಿದುಕೊಂಡ ಆ ಬೆಳಿಗ್ಗೆ ಸುಮ್ಮನೆ ನಿಂತಿದ್ದವನೂ ನಾನೇ. ಅಲ್ಲಿಯವರೆಗೆ ನನ್ನನ್ನು ನಾನು ಸತ್ಯವಂತನೆಂದೇ ತಿಳಿದಿದ್ದೆ, ಸುಳ್ಳು ಹೇಳಿದ ನೆನಪಿರಲಿಲ್ಲ. ಈಗ ಅನ್ನಿಸುತ್ತದೆ: ನನ್ನನ್ನೂ ಯಾರೂ ಕಾವೇರಿದಾಗ ನಿಲ್ಲಿಸಿ ನೋಡಿರಲಿಲ್ಲ.